ಮೈಕೈ ನೋವು ಮತ್ತು ವಿದ್ಯುಚ್ಚಿಕಿತ್ಸೆ: ಒಂದು ಚಾರಿತ್ರಿಕ ವಿವೇಚನೆ

೧

ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ ತಾಲ್ಲೂಕಿಗೆ ಸೇರಿದ ಮೇಲೂರು ರೇಷ್ಮೆಯ ಸೀಮೆಯ ಗ್ರಾಮ. ಹಿಪ್ಪುನೇರಳೆ ಸೊಪ್ಪನ್ನು ಕೊಯ್ದು ಹೊರೆ ಹೊರುವುದು, ಹುಳುಗಳಿಗೆ ಹೊತ್ತುಹೊತ್ತಿಗೆ ಸೊಪ್ಪು ಹಾಕುವುದು, ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುವುದು, ಗೂಡು ಬಿಡಿಸುವುದು, ಇವು ಈ ಸೀಮೆಯ ಮನೆಮನೆಯ ದುಡಿಮೆ. ಗೂಡು ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಾಣಿಕೆಯ ಕೆಲಸಗಾರರು ಬಿಸಿನೀರಿನ ಮುಂದೆ ಗಂಟೆಗಟ್ಟಲೆ ನಿಂತು ಅಥವಾ ಕುಳಿತು ಎಳೆಗಳನ್ನು ಹುಡುಕಿ ಎತ್ತುತ್ತಾರೆ. ಬಗ್ಗಿ, ಎದ್ದು, ಕೈ ಚಾಚಿ ಮಾಡುವ ಇಂಥ ಕೆಲಸದ ನಡುವೆ 'ಮೈಕೈ ನೋವು' ಎಂಬ ಮಾತು ಹುಟ್ಟುವುದು ಸಹಜವೇ ಆಗಿದೆ. ಅದರೊಡನೆ ಇನ್ನೊಂದು ಮಾತೂ ಈಚಿನ ದಶಕಗಳಲ್ಲಿ ನಮ್ಮ ಊರುಗಳಲ್ಲಿ ರೂಢಿಗೆ ಬಂದಿದೆ: 'ಕರೆಂಟು ಕೊಡಿಸಿಕೊಳ್ಳುವುದು'. ಚರ್ಮದ ಮೇಲೆ ಪಟ್ಟಿಗಳನ್ನಂಟಿಸಿ ಅಲ್ಪಪ್ರಮಾಣದ ವಿದ್ಯುತ್ತನ್ನು ಹರಿಯಿಸಿ ನೋವನ್ನು ತಗ್ಗಿಸುವ ಚಿಕಿತ್ಸೆಗೆ ಜನರು ಇಟ್ಟಿರುವ ಹೆಸರು ಇದು.

ಈ ಎರಡು ಮಾತುಗಳ ಹಿಂದೆ ಎರಡು ಪ್ರತ್ಯೇಕ ಚರಿತ್ರೆಗಳಿವೆ. ಒಂದು, ಮದ್ದಿನ ಚರಿತ್ರೆ. ಅದು ಬಲು ಹಳೆಯದು. ಇನ್ನೊಂದು, ರೋಗದ ಚರಿತ್ರೆ. ಅಂದರೆ ಮೈಯೆಲ್ಲ ವ್ಯಾಪಿಸುವ, ತಿಂಗಳುಗಟ್ಟಲೆ ಬಿಡದ, ಪರೀಕ್ಷೆಗಳಲ್ಲಿ ಕಾಣಿಸಿಕೊಳ್ಳದ ನೋವಿಗೆ ವೈದ್ಯಶಾಸ್ತ್ರವು 'ಫೈಬ್ರೊಮಯಾಲ್ಜಿಯಾ' ಎಂಬ ಹೆಸರನ್ನು ಕೊಟ್ಟ ಬಗೆ. ಅದು ತೀರ ಹೊಸದು. ಇವೆರಡೂ ಬಹುಕಾಲ ಬೇರೆಬೇರೆಯಾಗಿ ಹರಿದು, ನಮ್ಮ ಕಾಲದಲ್ಲಿ ಒಂದೆಡೆ ಕೂಡಿದುವು. ಹಾಗೆ ಕೂಡಿದ ಮೇಲೆ ಕೇಳಬೇಕಾದ ಪ್ರಶ್ನೆಯೇ ಬದಲಾಯಿತೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ. 'ವಿದ್ಯುತ್ತು ನೋವನ್ನು ಗುಣಪಡಿಸುವುದೇ?' ಎಂದು ಕೇಳುತ್ತಿದ್ದಷ್ಟು ಕಾಲವೂ ಉತ್ತರವು ಅತಿನಂಬಿಕೆಗೂ ಅತಿಸಂದೇಹಕ್ಕೂ ನಡುವೆ ತೂಗಾಡುತ್ತಿತ್ತು. 'ನೋಯುವ ಮನುಷ್ಯನು ಅಲುಗಾಡಿ ಕೆಲಸಮಾಡುವಾಗ ನೋವು ಎಷ್ಟು ತಗ್ಗುವುದು, ಅದರಲ್ಲಿ ವಿದ್ಯುತ್ತಿನ ಪಾಲೆಷ್ಟು, ಭರವಸೆಯ ಪಾಲೆಷ್ಟು?' ಎಂದು ಕೇಳಿದಾಗ ಮಾತ್ರ ಅಳೆಯಬಹುದಾದ ಉತ್ತರ ದೊರೆಯಿತು.

ಈ ಸೀಮೆಯಲ್ಲಿ ವಿದ್ಯುತ್ತಿನ ಕಥೆ ಆರಂಭವಾಗುವುದು ಮನುಷ್ಯನ ದೇಹದಿಂದಲ್ಲ, ಭೂಮಿಯ ಗರ್ಭದಿಂದ. ೧೯೦೨ರಲ್ಲಿ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು ಸುಮಾರು ೯೨ ಮೈಲಿ ದೂರ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಬೆಂಗಳೂರಿನ ಬೀದಿಗಳಿಗೆ ಬೆಳಕು ಬಂದದ್ದು ಮೂರು ವರ್ಷಗಳ ಅನಂತರ, ೧೯೦೫ರಲ್ಲಿ. ಗಣಿಯ ಪ್ರದೇಶವೂ ಮೇಲೂರೂ ಆಗ ಒಂದೇ ಕೋಲಾರ ಜಿಲ್ಲೆಯೊಳಗಿದ್ದುವು. ಚಿಕ್ಕಬಳ್ಳಾಪುರವು ಬೇರೆ ಜಿಲ್ಲೆಯಾದುದು ೨೦೦೭ರಲ್ಲಿ. ನಮ್ಮಲ್ಲಿ ವಿದ್ಯುತ್ತು ಮೊದಲು ಯಂತ್ರವನ್ನು ತಿರುಗಿಸಿತು, ಆಮೇಲೆ ದೀಪವನ್ನು ಹೊತ್ತಿಸಿತು. ಯೂರೋಪಿನಲ್ಲಾದರೋ ಕ್ರಮವು ತಿರುಗುಮುರುಗು: ಅಲ್ಲಿ ವಿದ್ಯುತ್ತು ಬೀದಿಗೆ ಬರುವುದಕ್ಕೆ ಒಂದು ಶತಮಾನಕ್ಕೂ ಮುಂಚೆಯೇ ರೋಗಿಯ ಮೈಯನ್ನು ಮುಟ್ಟಿತ್ತು. ಆದುದರಿಂದ ಮದ್ದಿನ ಚರಿತ್ರೆಗಾಗಿ ನಾವು ಮೊದಲು ಅತ್ತ ನೋಡಬೇಕಾಗಿದೆ.

೨

ವಿದ್ಯುತ್ತು ಎಂಬ ಹೆಸರೇ ಇಲ್ಲದ ಕಾಲದಲ್ಲಿಯೂ ಅದರಿಂದ ಚಿಕಿತ್ಸೆ ನಡೆಯುತ್ತಿತ್ತು. ಕ್ರಿ.ಶ. ಮೊದಲನೆಯ ಶತಮಾನದ ರೋಮನ್ ವೈದ್ಯ ಸ್ಕ್ರಿಬೋನಿಯಸ್ ಲಾರ್ಗಸನು ತಲೆನೋವಿಗೂ ಕಾಲಿನ ಸಂಧಿವಾತಕ್ಕೂ ಟಾರ್ಪೆಡೊ ಎಂಬ ಕಡಲಮೀನಿನ ಆಘಾತವನ್ನು ವಿಧಿಸಿದನು. ಜೀವಂತ ಮೀನನ್ನು ನೋಯುವ ಎಡೆಗೆ ತಾಗಿಸಿ, ಆ ಭಾಗವು ಮರಗಟ್ಟುವವರೆಗೆ ಇರಿಸುವುದು ಅವನ ಕ್ರಮ. ನೋವಿನ ಮೇಲೆ ಬೇರೊಂದು ಸಂವೇದನೆಯನ್ನು ಹೇರಿ ಅದನ್ನು ಮಸುಕುಗೊಳಿಸುವ ಆಲೋಚನೆಯ ಬೀಜ ಇಲ್ಲಿಯೇ ಇದೆ.

ಮನುಷ್ಯನು ತನ್ನ ಇಷ್ಟದಂತೆ ವಿದ್ಯುತ್ತನ್ನು ಕೂಡಿಡಬಲ್ಲವನಾದುದು ೧೭೪೫-೪೬ರಲ್ಲಿ ಲೈಡನ್ ಜಾಡಿ ಬಳಕೆಗೆ ಬಂದ ಮೇಲೆ. ಆ ಬಳಿಕ ಉತ್ಸಾಹಕ್ಕೆ ಮೇರೆಯೇ ಇಲ್ಲವಾಯಿತು. ಇಂಗ್ಲೆಂಡಿನ ಧರ್ಮಬೋಧಕ ಜಾನ್ ವೆಸ್ಲಿಯು ಲಂಡನ್ನಿನ ಬಡವರಿಗಾಗಿ ವಿದ್ಯುದ್ಯಂತ್ರಗಳನ್ನು ಏರ್ಪಡಿಸಿ, ೧೭೬೦ರಲ್ಲಿ ಈ ಚಿಕಿತ್ಸೆಯನ್ನು ಕುರಿತು ಗ್ರಂಥವನ್ನೇ ಪ್ರಕಟಿಸಿದನು.

ಇದೇ ಕಾಲದ ಬೆಂಜಮಿನ್ ಫ್ರಾಂಕ್ಲಿನ್ನನ ನಡವಳಿಕೆಯನ್ನು ಚರಿತ್ರೆಯ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ವಿದ್ಯುತ್ತಿನ ವಿಷಯದಲ್ಲಿ ಅವನಷ್ಟು ಕೀರ್ತಿ ಪಡೆದವರು ಆಗ ಬೇರೆಯವರಿರಲಿಲ್ಲ. ಪಾರ್ಶ್ವವಾಯು ಬಡಿದವರು ದೂರದೂರದಿಂದ ಅವನನ್ನು ಅರಸಿಕೊಂಡು ಬಂದರು. ಅವನು ಅವರ ಅಂಗಗಳಿಗೆ ಆಘಾತಗಳನ್ನು ಕೊಟ್ಟನು. ೧೭೫೭ರಲ್ಲಿ ವೈದ್ಯ ಜಾನ್ ಪ್ರಿಂಗಲನಿಗೆ ಬರೆದ ಪತ್ರದಲ್ಲಿ ಇದರ ಫಲವನ್ನು ಫ್ರಾಂಕ್ಲಿನ್ನನು ಮುಚ್ಚುಮರೆಯಿಲ್ಲದೆ ತಿಳಿಸಿದ್ದಾನೆ. ಮೊದಲ ಕೆಲವು ದಿನ ಸುಧಾರಣೆ ಕಂಡಿತು, ಬಳಿಕ ಅದು ಮುಂದುವರಿಯಲಿಲ್ಲ, ಸ್ಥಿರವಾದ ಗುಣವನ್ನು ತಾನು ಕಾಣಲಿಲ್ಲವೆಂಬುದು ಅವನ ವರದಿಯ ಸಾರ. ಅಷ್ಟಕ್ಕೇ ನಿಲ್ಲದೆ ಅವನು ಇನ್ನೊಂದು ಸಂಶಯವನ್ನೂ ಮುಂದಿಟ್ಟನು: ಕಂಡ ಅಲ್ಪ ಸುಧಾರಣೆಯಾದರೂ ವಿದ್ಯುತ್ತಿನಿಂದಲೇ ಬಂದಿತೋ, ಅಥವಾ ರೋಗಿಗಳು ತನ್ನ ಮನೆಯವರೆಗೆ ಮಾಡಿದ ಪ್ರಯಾಣದ ವ್ಯಾಯಾಮದಿಂದಲೂ ಗುಣವಾಗುವೆವೆಂಬ ಭರವಸೆಯಿಂದಲೂ ಬಂದಿತೋ? ಈ ಸಂಶಯವನ್ನು ನಾವು 'ಫ್ರಾಂಕ್ಲಿನ್ನನ ಸಂಶಯ' ಎಂದು ಕರೆಯೋಣ. ಅದಕ್ಕೆ ತಕ್ಕ ಉತ್ತರ ಹೇಳುವ ವಿಧಾನವು ಆಗ ಇರಲಿಲ್ಲ.

೧೭೯೧ರಲ್ಲಿ ಗಾಲ್ವಾನಿಯು ಕಪ್ಪೆಯ ಸ್ನಾಯುಗಳ ಮೇಲೆ ನಡೆಸಿದ ಪ್ರಯೋಗಗಳು ಪ್ರಕಟವಾದುವು. ೧೮೦೦ರಲ್ಲಿ ವೋಲ್ಟನ ವಿದ್ಯುತ್ಕೋಶವೂ ೧೮೩೧ರಲ್ಲಿ ಫ್ಯಾರಡೆಯ ವಿದ್ಯುತ್ಪ್ರೇರಣೆಯೂ ಬಂದುವು. ವೈದ್ಯನ ಕೈಗೆ ಈಗ ನಿಯಂತ್ರಿಸಬಹುದಾದ ಪ್ರವಾಹ ದೊರೆಯಿತು. ಫ್ರಾನ್ಸಿನ ಡುಶೆನ್ ೧೮೫೫ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಚರ್ಮದ ಮೇಲೆ ವಿದ್ಯುದಗ್ರಗಳನ್ನಿಟ್ಟು ಒಂದೊಂದೇ ಸ್ನಾಯುವನ್ನು ಪ್ರಚೋದಿಸುವ ಕ್ರಮವನ್ನು ಶಾಸ್ತ್ರೀಯವಾಗಿ ನಿರೂಪಿಸಿದನು. ಇಂದಿನ ಚಿಕಿತ್ಸಾಲಯಗಳಲ್ಲಿ ಪಟ್ಟಿಯನ್ನಂಟಿಸುವ ಕೈ ಡುಶೆನ್ನನ ಪರಂಪರೆಗೆ ಸೇರಿದುದೆಂದು ಹೇಳಿದರೆ ತಪ್ಪಾಗದು.

೩

ಆದರೆ ಶಾಸ್ತ್ರದ ಬೆನ್ನಲ್ಲೇ ವ್ಯಾಪಾರವೂ ಬಂದಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯೂರೋಪು ಅಮೆರಿಕಗಳ ಪತ್ರಿಕೆಗಳು ವಿದ್ಯುತ್ಪಟ್ಟಿ, ವಿದ್ಯುತ್ಸರಪಳಿಗಳ ಜಾಹೀರಾತಿನಿಂದ ತುಂಬಿಹೋದುವು. ಸೊಂಟನೋವಿನಿಂದ ಹಿಡಿದು ನರದೌರ್ಬಲ್ಯದವರೆಗೆ ಅವು ವಾಸಿಮಾಡದ ರೋಗವೇ ಇರಲಿಲ್ಲ! ೧೯೧೦ರಲ್ಲಿ ಅಮೆರಿಕದ ವೈದ್ಯಶಿಕ್ಷಣವನ್ನು ಕುರಿತ ಫ್ಲೆಕ್ಸ್‌ನರ್ ವರದಿ ಹೊರಬಂದ ಮೇಲೆ, ಪ್ರಯೋಗಶಾಲೆಯ ಆಧಾರವಿಲ್ಲದ ಚಿಕಿತ್ಸೆಗಳಿಗೆ ಕಾಲೇಜುಗಳಲ್ಲಿ ಎಡೆ ಕಡಮೆಯಾಯಿತು. ವಿದ್ಯುಚ್ಚಿಕಿತ್ಸೆಯೂ ಆ ಸಾಲಿಗೆ ಸೇರಿತು. ಹಾಗಿದ್ದರೂ ಮನೆಯಲ್ಲಿ ಬಳಸುವ ಯಂತ್ರಗಳ ಮಾರಾಟ ನಿಲ್ಲಲಿಲ್ಲ. ೧೯೧೯ರಲ್ಲಿ ಹಕ್ಕುಪತ್ರ ಪಡೆದ 'ಎಲೆಕ್ಟ್ರೀಟ್' ಎಂಬ ಕೈಯಲ್ಲಿ ಹಿಡಿಯುವ ಸಾಧನವು ಬಹು ಪ್ರಚಾರ ಪಡೆದು, ೧೯೩೮ರ ಅಮೆರಿಕದ ಔಷಧ ಕಾನೂನಿನ ಕೆಳಗೆ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಆ ಸಾಧನವು ಇಂದು ನೋವಿಗೆ ಬಳಸುತ್ತಿರುವ ಯಂತ್ರಕ್ಕೆ ಕಾರ್ಯತತ್ತ್ವದಲ್ಲಿ ಬಹುದೂರದ್ದೇನೂ ಅಲ್ಲ. ತಪ್ಪು ಇದ್ದುದು ಅದರ ವಿದ್ಯುತ್ತಿನಲ್ಲಲ್ಲ, ಅದನ್ನು ಕುರಿತು ಆಡಿದ ಮಾತಿನಲ್ಲಿ. ನೋವನ್ನು ಸ್ವಲ್ಪಕಾಲ ತಗ್ಗಿಸಬಲ್ಲ ಸಾಧನವನ್ನು ಸರ್ವರೋಗನಿವಾರಕವೆಂದು ಮಾರಿದಾಗ, ಸುಳ್ಳಿನೊಡನೆ ಅದರಲ್ಲಿದ್ದ ಅಲ್ಪ ಸತ್ಯವೂ ತಿರಸ್ಕೃತವಾಯಿತು. ಅತಿನಂಬಿಕೆಯ ದಂಡವನ್ನು ಮುಂದಿನ ತಲೆಮಾರಿನ ರೋಗಿಗಳು ತೆರಬೇಕಾಯಿತು.

೪

ಇನ್ನು ರೋಗದ ಚರಿತ್ರೆ. ೧೯೦೪ರಲ್ಲಿ ಲಂಡನ್ನಿನ ನರರೋಗತಜ್ಞ ವಿಲಿಯಂ ಗೋವರ್ಸ್ ಸೊಂಟನೋವನ್ನು ಕುರಿತು ನೀಡಿದ ಉಪನ್ಯಾಸದಲ್ಲಿ 'ಫೈಬ್ರೊಸೈಟಿಸ್' ಎಂಬ ಪದವನ್ನು ಟಂಕಿಸಿದನು. ಸ್ನಾಯುಗಳ ನಾರುಗಳಲ್ಲಿ ಉರಿಯೂತವಿರಬೇಕೆಂಬ ಊಹೆ ಆ ಹೆಸರಿನಲ್ಲಿಯೇ ಅಡಗಿತ್ತು. ಆದರೆ ಸ್ನಾಯುಗಳನ್ನು ಎಷ್ಟು ಶೋಧಿಸಿದರೂ ಹೆಸರು ಹೇಳಿದ ಉರಿಯೂತವು ಸಿಗಲಿಲ್ಲ. ಆಗ ಶಾಸ್ತ್ರದ ಮುಂದೆ ಎರಡು ದಾರಿಗಳಿದ್ದುವು: ಹೆಸರು ತಪ್ಪೆನ್ನುವುದು ಒಂದು, ನೋವೇ ಸುಳ್ಳೆನ್ನುವುದು ಇನ್ನೊಂದು. ಅನೇಕ ರೋಗಿಗಳ ಪಾಲಿಗೆ, ಅವರಲ್ಲಿಯೂ ಹೆಂಗಸರ ಪಾಲಿಗೆ, ಎರಡನೆಯ ತೀರ್ಪೇ ದೊರೆಯಿತು. ರಕ್ತದಲ್ಲಿ ದೋಷವಿಲ್ಲ, ಎಲುಬಿನ ಚಿತ್ರದಲ್ಲಿ ದೋಷವಿಲ್ಲ; ಆದುದರಿಂದ ದೋಷವು ಮನಸ್ಸಿನದು ಎಂಬ ತರ್ಕ ನಡೆಯಿತು.

ಈ ತರ್ಕವು ಸಡಿಲವಾದುದು ೧೯೭೦ರ ದಶಕದಲ್ಲಿ. ಕೆನಡದ ಮೊಲ್ಡಾಫ್‌ಸ್ಕಿ ಮತ್ತು ಸ್ಮೈದ್ ಎಂಬ ವೈದ್ಯರು ಇಂಥ ರೋಗಿಗಳ ನಿದ್ರೆಯಲ್ಲಿಯೇ ವ್ಯತ್ಯಾಸವನ್ನು ಕಂಡು, ಮೈಯ ಮೇಲಿನ ನಿಯತವಾದ ನೋವಿನ ಬಿಂದುಗಳನ್ನು ಗುರುತಿಸಿದರು. ೧೯೭೬ರಲ್ಲಿ ಹೆಂಚ್ ಎಂಬ ವೈದ್ಯನು ಉರಿಯೂತದ ಸೂಚನೆಯನ್ನು ಕೈಬಿಟ್ಟು, ನಾರು-ಸ್ನಾಯುಗಳ ನೋವು ಎಂಬರ್ಥದ 'ಫೈಬ್ರೊಮಯಾಲ್ಜಿಯಾ' ಪದವನ್ನು ಬಳಸಿದನು. ೧೯೯೦ರಲ್ಲಿ ಅಮೆರಿಕದ ವಾತರೋಗತಜ್ಞರ ಸಂಸ್ಥೆಯು ಲಕ್ಷಣಗಳನ್ನು ನಿಗದಿಮಾಡಿತು: ಮೂರು ತಿಂಗಳಿಗೆ ಕಡಮೆಯಿಲ್ಲದ ವ್ಯಾಪಕವಾದ ನೋವು, ಹದಿನೆಂಟು ಬಿಂದುಗಳಲ್ಲಿ ಹನ್ನೊಂದರಲ್ಲಾದರೂ ಒತ್ತಿದಾಗ ನೋವು. ೨೦೧೦ರಲ್ಲಿ ಬಿಂದುಗಳ ಎಣಿಕೆಯನ್ನು ಬಿಟ್ಟು, ನೋವಿನ ಹರಹು, ದಣಿವು, ವಿಶ್ರಾಂತಿ ನೀಡದ ನಿದ್ರೆ, ಮರೆವು ಮೊದಲಾದುವುಗಳ ತೀವ್ರತೆಯನ್ನು ಅಳೆಯುವ ಕ್ರಮ ಬಂದಿತು.

ಹೆಸರುಗಳ ಈ ಬದಲಾವಣೆಯ ಹಿಂದೆ ತಿಳಿವಳಿಕೆಯ ಬದಲಾವಣೆಯೂ ಇದೆ. ದೋಷವು ಸ್ನಾಯುವಿನಲ್ಲಿರುವುದಕ್ಕಿಂತ ಹೆಚ್ಚಾಗಿ, ನೋವಿನ ಸುದ್ದಿಯನ್ನು ಒಯ್ಯುವ ಮತ್ತು ತೂಗಿನೋಡುವ ನರವ್ಯೂಹದಲ್ಲಿದೆ ಎಂಬುದು ಇಂದಿನ ಬಹುಸಮ್ಮತ ಅಭಿಪ್ರಾಯ. ಇತರರಿಗೆ ಬರಿಯ ಒತ್ತಡವೆನಿಸುವುದು ಈ ರೋಗಿಗಳಿಗೆ ನೋವಾಗಿ ಕೇಳಿಸುತ್ತದೆ. ಬೆನ್ನುಹುರಿ ಮಿದುಳುಗಳಲ್ಲಿ ಸದ್ದು ಹೆಚ್ಚಿಸಿಟ್ಟ ರೇಡಿಯೋವಿನಂತೆ ಸುದ್ದಿಯು ದೊಡ್ಡದಾಗುತ್ತದೆ. ಸ್ನಾಯುವನ್ನು ಶೋಧಿಸಿ ನೋವನ್ನು ಕಾಣದವರು ಸುಳ್ಳು ಹೇಳಲಿಲ್ಲ, ಅವರು ತಪ್ಪಾದ ಸ್ಥಳದಲ್ಲಿ ಹುಡುಕಿದರು. ಸುಳ್ಳು ಹೇಳುತ್ತಿದ್ದಾರೆಂಬ ಅಪವಾದ ಹೊತ್ತವರು ಮಾತ್ರ ರೋಗಿಗಳು.

೫

ಎರಡು ಚರಿತ್ರೆಗಳೂ ಕೂಡುವುದಕ್ಕೆ ಸೇತುವೆಯಾದುದು ೧೯೬೫ರ ಒಂದು ಪ್ರಬಂಧ. ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿದ್ವಾಂಸರು ಆ ವರ್ಷ ನೋವಿನ 'ದ್ವಾರ ಸಿದ್ಧಾಂತ'ವನ್ನು ಮಂಡಿಸಿದರು. ಸ್ಪರ್ಶದ ಸುದ್ದಿಯನ್ನು ದಪ್ಪ ನರತಂತುಗಳು ಬೇಗನೆ ಒಯ್ಯುತ್ತವೆ, ನೋವಿನ ಸುದ್ದಿಯನ್ನು ಸಣ್ಣ ತಂತುಗಳು ಒಯ್ಯುತ್ತವೆ. ಇವೆರಡೂ ಬೆನ್ನುಹುರಿಯಲ್ಲಿ ಸೇರುವೆಡೆಯಲ್ಲಿ ಒಂದು ಬಾಗಿಲಿನಂಥ ವ್ಯವಸ್ಥೆಯಿದೆ. ದಪ್ಪ ತಂತುಗಳ ಸುದ್ದಿ ಹೆಚ್ಚಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ, ನೋವಿನ ಸುದ್ದಿ ಮೇಲೇರುವುದು ಕಡಮೆಯಾಗುತ್ತದೆ. ಮಿದುಳು ಕೂಡ ಮೇಲಿನಿಂದ ಆ ಬಾಗಿಲನ್ನು ಹಿಡಿತದಲ್ಲಿಡುತ್ತದೆ. ಮೊಣಕೈ ಬಡಿದುಕೊಂಡ ಮಗುವಿಗೆ ತಾಯಿ ಆ ಎಡೆಯನ್ನು ಉಜ್ಜಿ ನೀವುವುದೇಕೆಂಬುದಕ್ಕೆ ಶಾಸ್ತ್ರದಲ್ಲಿ ದೊರೆತ ಮೊದಲ ಸಮರ್ಪಕ ವಿವರಣೆ ಇದು. ಸಿದ್ಧಾಂತದ ಕೆಲವು ವಿವರಗಳನ್ನು ಮುಂದಿನ ಸಂಶೋಧನೆ ತಿದ್ದಿದರೂ, ನೋವು ದಾರಿಯಲ್ಲಿಯೇ ತಿದ್ದುಪಡಿಗೊಳ್ಳುತ್ತದೆಂಬ ಮೂಲತತ್ತ್ವವು ನಿಂತಿದೆ.

ಉಜ್ಜುವ ಕೈಯ ಕೆಲಸವನ್ನು ವಿದ್ಯುತ್ತು ಮಾಡಬಾರದೇಕೆ? ೧೯೬೭ರಲ್ಲಿ ವಾಲ್ ಮತ್ತು ವಿಲಿಯಂ ಸ್ವೀಟ್ ಇದನ್ನು ಮೊದಲು ತಮ್ಮ ಮೇಲೆಯೇ ಪರೀಕ್ಷಿಸಿ, ಬಳಿಕ ಬಹುಕಾಲದ ನೋವಿನ ಎಂಟು ರೋಗಿಗಳಲ್ಲಿ ಪರೀಕ್ಷಿಸಿದರು. ಪ್ರಚೋದನೆಯ ಕಾಲದಲ್ಲಿ ನೋವು ತಗ್ಗಿದುದನ್ನು ವರದಿಮಾಡಿದರು. ಅದೇ ವರ್ಷ ನಾರ್ಮನ್ ಶೀಲಿ ಎಂಬ ಶಸ್ತ್ರವೈದ್ಯನು ಬೆನ್ನುಹುರಿಯ ಬಳಿಯಲ್ಲಿಯೇ ವಿದ್ಯುದಗ್ರವನ್ನು ಹುದುಗಿಸಿದನು. ಇಂಥ ಶಸ್ತ್ರಕ್ರಿಯೆಗೆ ಯಾರು ತಕ್ಕವರೆಂಬುದನ್ನು ತಿಳಿಯಲು ಮೊದಲು ಚರ್ಮದ ಮೇಲೆ ಪ್ರಚೋದನೆ ಕೊಟ್ಟು ನೋಡುತ್ತಿದ್ದರು. ಹಲವರಿಗೆ ಅಷ್ಟರಿಂದಲೇ ಸಾಕಷ್ಟು ಉಪಶಮನ ಕಂಡುಬಂದಿತು. ಪರೀಕ್ಷೆಯ ಸಾಧನವೇ ಚಿಕಿತ್ಸೆಯ ಸಾಧನವಾಯಿತು. ೧೯೭೦ರ ದಶಕದಲ್ಲಿ ಬಳಕೆಗೆ ಬಂದ 'ಟೆನ್ಸ್' ಎಂಬ ಈ ಸಾಧನವು ಅಂಗೈಯಷ್ಟೇ ಗಾತ್ರದ್ದು, ಬ್ಯಾಟರಿಯಿಂದ ನಡೆಯುವಂಥದು. ಅದು ಹರಿಯಿಸುವ ಪ್ರವಾಹ ಮಿಲಿ ಆಂಪಿಯರುಗಳ ಲೆಕ್ಕದ್ದು. ಗಣಿಯ ಯಂತ್ರವನ್ನು ತಿರುಗಿಸಿದ ಶಕ್ತಿಯೇ ಇಲ್ಲಿ ಚರ್ಮದ ಕೆಳಗಿನ ನರವೊಂದನ್ನು ಜುಮ್ಮೆನ್ನಿಸುವಷ್ಟು ಸೌಮ್ಯವಾಗಿದೆ.

೬

ಫೈಬ್ರೊಮಯಾಲ್ಜಿಯಾಕ್ಕೆ ಈ ಸಾಧನ ಉಪಯುಕ್ತವೇ ಎಂಬ ಪ್ರಶ್ನೆ ಬಂದಾಗ ಫ್ರಾಂಕ್ಲಿನ್ನನ ಸಂಶಯವು ಮತ್ತೆ ತಲೆಯೆತ್ತಿತು. ೨೦೧೭ರಲ್ಲಿ ಕಾಕ್ರನ್ ಸಂಸ್ಥೆಯ ವಿಮರ್ಶಕರು ಅಲ್ಲಿಯವರೆಗಿನ ಎಂಟು ಅಧ್ಯಯನಗಳನ್ನು, ಒಟ್ಟು ೩೧೫ ರೋಗಿಗಳ ಫಲಿತಾಂಶಗಳನ್ನು, ಪರಿಶೀಲಿಸಿ, ಅನುಕೂಲವಾಗಿಯಾಗಲಿ ಪ್ರತಿಕೂಲವಾಗಿಯಾಗಲಿ ತೀರ್ಪು ಕೊಡುವಷ್ಟು ಒಳ್ಳೆಯ ಆಧಾರವಿಲ್ಲವೆಂದರು. ಅಧ್ಯಯನಗಳು ಚಿಕ್ಕವು, ಅನೇಕವು ವಿಶ್ರಾಂತಿಯಲ್ಲಿರುವಾಗಿನ ನೋವನ್ನು ಮಾತ್ರ ಅಳೆದಿದ್ದುವು.

೨೦೨೦ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗವು ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿತು. ಐಯೋವ ಮತ್ತು ವಾಂಡರ್‌ಬಿಲ್ಟ್ ವಿಶ್ವವಿದ್ಯಾನಿಲಯಗಳಲ್ಲಿ ನಡೆದ ಇದರಲ್ಲಿ ೩೦೧ ಹೆಂಗಸರು ಭಾಗವಹಿಸಿದರು. ಚೀಟಿ ಎತ್ತಿದಂತೆ ಅವರನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಯಿತು. ಒಂದು ಗುಂಪಿಗೆ ನಿಜವಾದ ಸಾಧನ. ಇನ್ನೊಂದಕ್ಕೆ, ಮುಕ್ಕಾಲು ನಿಮಿಷ ಪ್ರವಾಹ ಹರಿಯಿಸಿ ಆಮೇಲೆ ತಾನಾಗಿ ಅಡಗುವ ಹುಸಿಸಾಧನ. ಮೂರನೆಯದಕ್ಕೆ ಯಾವ ಸಾಧನವೂ ಇಲ್ಲ. ಸಾಧನ ಪಡೆದವರು ಕತ್ತಿನ ಹಿಂಭಾಗಕ್ಕೂ ಸೊಂಟಕ್ಕೂ ಪಟ್ಟಿಗಳನ್ನಂಟಿಸಿಕೊಂಡು, ದಿನಕ್ಕೆ ಎರಡು ಗಂಟೆ, ಮನೆಗೆಲಸದಲ್ಲಿ ಓಡಾಡುತ್ತಿರುವಾಗಲೇ ಅದನ್ನು ನಾಲ್ಕು ವಾರ ಬಳಸಬೇಕಿತ್ತು. ಮುಖ್ಯವಾಗಿ ಅಳೆದುದು ಆರು ನಿಮಿಷ ನಡೆಯುವಾಗ ಉಂಟಾಗುವ ನೋವನ್ನು.

ಫಲವೇನು? ಹತ್ತರ ಅಳತೆಯಲ್ಲಿ ನಿಜವಾದ ಸಾಧನದ ಗುಂಪಿಗೆ, ಹುಸಿಸಾಧನದ ಗುಂಪಿಗಿಂತ ಸರಾಸರಿ ಒಂದು ಅಂಶದಷ್ಟು, ಏನೂ ಇಲ್ಲದವರಿಗಿಂತ ಸುಮಾರು ೧.೮ ಅಂಶದಷ್ಟು ನೋವು ಹೆಚ್ಚಾಗಿ ತಗ್ಗಿತು. ಒಟ್ಟಿನಲ್ಲಿ ತಮ್ಮ ಸ್ಥಿತಿ ಸುಧಾರಿಸಿತೆಂದವರು ಮೊದಲ ಗುಂಪಿನಲ್ಲಿ ನೂರಕ್ಕೆ ೭೦, ಎರಡನೆಯದರಲ್ಲಿ ೩೧, ಮೂರನೆಯದರಲ್ಲಿ ೯.

ಈ ಮೂರು ಸಂಖ್ಯೆಗಳಲ್ಲಿ ೧೭೫೭ರ ಸಂಶಯಕ್ಕೆ ಉತ್ತರವಿದೆ. ಒಂಬತ್ತಕ್ಕೂ ಮೂವತ್ತೊಂದಕ್ಕೂ ನಡುವಿನ ಅಂತರ ಬಹುಮಟ್ಟಿಗೆ ಭರವಸೆಯ ಮತ್ತು ಆರೈಕೆಯ ಪಾಲು. ಮೂವತ್ತೊಂದಕ್ಕೂ ಎಪ್ಪತ್ತಕ್ಕೂ ನಡುವಿನದು ವಿದ್ಯುತ್ತಿನ ಪಾಲು. ಫ್ರಾಂಕ್ಲಿನ್ನನ ಸಂಶಯವು ಸಾಧುವಾದುದೇ ಆಗಿತ್ತು, ಆದರೆ ಅದು ಪೂರ್ಣ ಸತ್ಯವಾಗಿರಲಿಲ್ಲ. ಅಂತೆಯೇ, ಒಂದು ಅಂಶದ ಇಳಿತವು ರೋಗದ ನಿವಾರಣೆಯಲ್ಲ. ಈ ಪ್ರಯೋಗದಲ್ಲಿ ಗಂಡಸರಿರಲಿಲ್ಲ, ಅವಧಿಯೂ ನಾಲ್ಕು ವಾರಗಳದು. ಜಾಹೀರಾತಿನವರು ಹೇಳಿದಷ್ಟೂ ಅಲ್ಲ, ಜರೆದವರು ಹೇಳಿದಂತೆ ಶೂನ್ಯವೂ ಅಲ್ಲ ಎಂಬುದು ಇಲ್ಲಿ ಸಿದ್ಧವಾಗುವ ಮಾತು.

೭

ಈಗ ಮತ್ತೆ ಮೇಲೂರಿಗೆ ಬರೋಣ. ಗ್ರಾಮದ ದುಡಿಯುವ ಹೆಂಗಸಿಗೆ ಮಲಗಿರುವಾಗಿನ ನೋವಿಗಿಂತ ಸೊಪ್ಪಿನ ಹೊರೆ ಎತ್ತುವಾಗಿನ ನೋವು ದೊಡ್ಡದು. ಹುಳು ಹಣ್ಣಾದ ದಿನ ಕೆಲಸವನ್ನು ನಾಳೆಗೆ ತಳ್ಳುವಂತಿಲ್ಲ. ಅಲುಗಾಡುವಾಗಿನ ನೋವನ್ನು ಅಳೆಯಬೇಕೆಂಬುದು ಶಾಸ್ತ್ರಕ್ಕೆ ತಡವಾಗಿ ಹೊಳೆದ ಪ್ರಶ್ನೆಯಾದರೂ, ಆಕೆಗೆ ಅದು ಮೊದಲಿನಿಂದಲೂ ಇದ್ದ ಒಂದೇ ಪ್ರಶ್ನೆ.

ಈ ಚರಿತ್ರೆಯಿಂದ ಕೆಲವು ಅಂಶಗಳು ವಿದಿತವಾಗುತ್ತವೆ. ಮೊದಲನೆಯದಾಗಿ, ಎಲ್ಲ ಮೈಕೈ ನೋವೂ ಫೈಬ್ರೊಮಯಾಲ್ಜಿಯಾ ಅಲ್ಲ. ದುಡಿಮೆಯ ದಣಿವು, ರಕ್ತಹೀನತೆ, ಥೈರಾಯ್ಡಿನ ದೋಷ, ಜೀವಸತ್ತ್ವ ಡಿ ಕೊರತೆ, ಕೀಲುಗಳ ಉರಿಯೂತ, ಇವೂ ಹಾಗೆಯೇ ಕಾಣಿಸಿಕೊಳ್ಳಬಲ್ಲುವು. ವೈದ್ಯರು ಇವನ್ನು ಮೊದಲು ನೋಡಬೇಕು. ಎರಡನೆಯದಾಗಿ, ವಿದ್ಯುತ್ತಿನ ಉಪಶಮನವು ಮುಖ್ಯವಾಗಿ ಅದು ಹರಿಯುತ್ತಿರುವಾಗ ಮತ್ತು ಅನಂತರದ ಸ್ವಲ್ಪಕಾಲಕ್ಕೆ ಸೇರಿದುದು. ವಾರಕ್ಕೊಮ್ಮೆ ದೂರದ ಪಟ್ಟಣಕ್ಕೆ ಹೋಗಿ, ಮಲಗಿ 'ಕರೆಂಟು ಕೊಡಿಸಿಕೊಂಡು' ಬರುವುದಕ್ಕೂ, ಮೇಲೆ ಹೇಳಿದ ಪ್ರಯೋಗದಂತೆ ಓಡಾಡುವಾಗಲೇ ಬಳಸುವುದಕ್ಕೂ ಬಹಳ ಅಂತರವಿದೆ. ಮೂರನೆಯದಾಗಿ, ಯೂರೋಪಿನ ವಾತರೋಗತಜ್ಞರ ಒಕ್ಕೂಟವು ೨೦೧೬ರ ತನ್ನ ಪರಿಷ್ಕೃತ ಸಲಹೆಗಳಲ್ಲಿ ಬಲವಾಗಿ ಸಮರ್ಥಿಸಿದುದು ವ್ಯಾಯಾಮವೊಂದನ್ನೇ. ದುಡಿಮೆಯೇ ವ್ಯಾಯಾಮವಲ್ಲವೇ ಎಂದು ಕೇಳಬಹುದು. ಅಲ್ಲ, ವ್ಯಾಯಾಮವನ್ನು ಮೈಯ ಅಳವಿಗೆ ತಕ್ಕಂತೆ ಮೆಲ್ಲಮೆಲ್ಲನೆ ಏರಿಸಬಹುದು, ದುಡಿಮೆಯಾದರೋ ಮೈಯ ಅಳವನ್ನು ಕೇಳುವುದಿಲ್ಲ. ನೋವನ್ನು ಒಂದೆರಡು ಅಂಶ ತಗ್ಗಿಸಿ ನಡಿಗೆಗೆ ಎಡೆಮಾಡಿಕೊಡುವುದೇ ಈ ಸಾಧನದ ನಿಜವಾದ ಬೆಲೆ. ಹೃದಯಕ್ಕೆ ವಿದ್ಯುತ್ಸಾಧನ ಅಳವಡಿಸಿಕೊಂಡವರೂ ಮೂರ್ಛೆರೋಗವುಳ್ಳವರೂ ಗರ್ಭಿಣಿಯರೂ ವೈದ್ಯರನ್ನು ಕೇಳದೆ ಇದನ್ನು ಬಳಸಬಾರದು, ಕತ್ತಿನ ಮುಂಭಾಗದಲ್ಲಿ ಯಾರೂ ಇರಿಸಬಾರದು ಎಂಬುದನ್ನೂ ಹೇಳಬೇಕಾಗಿದೆ.

ಇವೆಲ್ಲಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಪರೀಕ್ಷೆಯಲ್ಲಿ ಕಾಣದ ನೋವನ್ನು ಇಲ್ಲವೆನ್ನುವ ಹಕ್ಕು ಶಾಸ್ತ್ರಕ್ಕೆ ಯಾವಾಗಲೂ ಇರಲಿಲ್ಲ; ಅಳೆಯುವ ಕೋಲು ಚಿಕ್ಕದಾಗಿತ್ತೆಂದಷ್ಟೇ ಅದು ಹೇಳಬಹುದಾಗಿತ್ತು. ಗೋವರ್ಸನ ಉಪನ್ಯಾಸದಿಂದ ೧೯೯೦ರ ಲಕ್ಷಣಪಟ್ಟಿಯವರೆಗೆ ಎಂಬತ್ತಾರು ವರ್ಷಗಳು ಸಂದುವು. ಆ ಎಂಬತ್ತಾರು ವರ್ಷಗಳಲ್ಲಿ 'ನಿನಗೇನೂ ಇಲ್ಲ' ಎಂಬ ಮಾತನ್ನು ಕೇಳಿ ಮನೆಗೆ ಹಿಂತಿರುಗಿದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಮೇಲೂರಿನಲ್ಲಾಗಲಿ ಬೇರೆಲ್ಲಿಯೇ ಆಗಲಿ, ಹೆಂಗಸೊಬ್ಬಳು 'ಮೈಯೆಲ್ಲ ನೋವು' ಎಂದಾಗ ಮೊದಲು ಮಾಡಬೇಕಾದುದು ಪಟ್ಟಿ ಅಂಟಿಸುವುದಲ್ಲ, ಆ ಮಾತನ್ನು ನಂಬುವುದು. ವಿದ್ಯುತ್ತಿನ ಕೆಲಸ ಅದಾದ ಮೇಲಿನದು.